ಲಾಭರಹಿತ ಕಲಾಚಿತ್ರಮಂದಿರ

ಲಾಭರಹಿತ ಕಲಾಚಿತ್ರಮಂದಿರವೆಂದರೆ ಟ್ರಸ್ಟ್, ನೋಂದಾಯಿತ ಸಂಘ ಅಥವಾ ನಗರಸಭೆಯ ಕೈಯಲ್ಲಿರುವ ಸಿನಿಮಾ ಮಂದಿರ. ಬಂದ ಹಣವನ್ನು ಇಲ್ಲಿ ಯಾರೂ ಹಂಚಿಕೊಳ್ಳುವಂತಿಲ್ಲ, ಅದು ಮತ್ತೆ ಮಂದಿರದ ಕೆಲಸಕ್ಕೇ ಹೋಗಬೇಕು. ಸಾಮಾನ್ಯ ಚಿತ್ರಮಂದಿರಗಳಲ್ಲಿ ಜಾಗ ಸಿಗದ ಪರದೇಶದ ಚಿತ್ರಗಳು, ಸಾಕ್ಷ್ಯಚಿತ್ರಗಳು, ಹಳೆಯ ಮೇರುಕೃತಿಗಳು, ಪ್ರಯೋಗದ ಕಿರುಚಿತ್ರಗಳು ಇಲ್ಲಿ ವರ್ಷವಿಡೀ ನಡೆಯುತ್ತವೆ. ಅವುಗಳ ಜೊತೆಗೆ ನಿರ್ದೇಶಕರೊಡನೆ ಮಾತುಕತೆ, ಶಾಲಾ ಮಕ್ಕಳಿಗೆ ತರಗತಿ, ರಸಗ್ರಹಣ ಶಿಬಿರ, ಊರಿನ ಸಭೆ ಸಮಾರಂಭ ಎಲ್ಲವೂ ಅದೇ ಸೂರಿನಡಿ ಸೇರಿಕೊಳ್ಳುತ್ತವೆ. ಇಂಥ ಮಂದಿರ ಊರಿನ ಸಾಂಸ್ಕೃತಿಕ ಕೇಂದ್ರವಾಗಿ ಬೆಳೆದಾಗ ಅದರ ಶ್ರೇಯಸ್ಸನ್ನು ಸಾಮಾನ್ಯವಾಗಿ ಚಿತ್ರಗಳ ಆಯ್ಕೆಗೆ, ಆರಿಸುವವರ ಅಭಿರುಚಿಗೆ ಕೊಡುವುದು ವಾಡಿಕೆ. ಅಭಿರುಚಿ ಬೇಕು, ನಿಜ. ಆದರೆ ಒಂದು ಶತಮಾನದ ಇತಿಹಾಸವನ್ನು ಮುಂದಿಟ್ಟುಕೊಂಡು ನೋಡಿದರೆ ಅದಕ್ಕಿಂತ ಗಟ್ಟಿಯಾದ ಕಾರಣ ಬೇರೊಂದು ಕಾಣುತ್ತದೆ. ಕಟ್ಟಡ ಯಾರ ಕೈಯಲ್ಲಿದೆ, ಅದನ್ನು ಉಳಿಸಿಕೊಳ್ಳುವ ಹೊಣೆ ಯಾರು ಹೊತ್ತಿದ್ದಾರೆ ಎಂಬುದೇ ಆ ಕಾರಣ. ಒಳ್ಳೆಯ ಅಭಿರುಚಿಯಿದ್ದ ಎಷ್ಟೋ ಮಂದಿರಗಳು ಮುಚ್ಚಿಹೋಗಿವೆ. ಉಳಿದವುಗಳಲ್ಲಿ ಹೆಚ್ಚಿನವು ಪ್ರೇಕ್ಷಕರೇ ಹೊಣೆ ಹೊತ್ತು ನಿಂತ ಮಂದಿರಗಳು.

ಈ ಕಥೆ ಮಂದಿರದಿಂದ ಶುರುವಾಗಲಿಲ್ಲ, ಸಂಘದಿಂದ ಶುರುವಾಯಿತು. 1925ರಲ್ಲಿ ಲಂಡನ್ನಿನಲ್ಲಿ ಐವರ್ ಮಾಂಟೆಗು ಮತ್ತು ಅವರ ಗೆಳೆಯರು ಫಿಲ್ಮ್ ಸೊಸೈಟಿ ಕಟ್ಟಿದರು. ಸದಸ್ಯರಿಗಷ್ಟೇ ತೋರಿಸುವ ಖಾಸಗಿ ಪ್ರದರ್ಶನವಾದ್ದರಿಂದ ಸಾರ್ವಜನಿಕವಾಗಿ ನಿಷೇಧಗೊಂಡಿದ್ದ ಐಸೆನ್‌ಸ್ಟೈನರ 'ಬ್ಯಾಟಲ್‌ಶಿಪ್ ಪೊಟೆಮ್‌ಕಿನ್' ಚಿತ್ರವನ್ನು 1929ರಲ್ಲಿ ಅಲ್ಲಿ ತೋರಿಸಲು ಸಾಧ್ಯವಾಯಿತು. ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಸ್ಟುಡಿಯೊ ದೆ ಉರ್ಸುಲೀನ್ (1926), ಸ್ಟುಡಿಯೊ 28 (1928) ಎಂಬ ಪುಟ್ಟ ಮಂದಿರಗಳು ಹೊಸ ಪ್ರಯೋಗಗಳಿಗೆಂದೇ ತೆರೆದುಕೊಂಡವು. 1947ರಲ್ಲಿ ನ್ಯೂಯಾರ್ಕಿನಲ್ಲಿ ಏಮಸ್ ವೋಗೆಲ್ ಮತ್ತು ಅವರ ಪತ್ನಿ ಮಾರ್ಸಿಯಾ ಆರಂಭಿಸಿದ ಸಿನಿಮಾ 16 ಕೂಡ ಸದಸ್ಯತ್ವದ ದಾರಿಯನ್ನೇ ಹಿಡಿಯಿತು. ಅದರ ಉಚ್ಛ್ರಾಯದ ದಿನಗಳಲ್ಲಿ ಸುಮಾರು 7,000 ಸದಸ್ಯರಿದ್ದರು. ವೈಜ್ಞಾನಿಕ ಚಿತ್ರ, ಅಮೂರ್ತ ಚಿತ್ರ, ಸಾಕ್ಷ್ಯಚಿತ್ರಗಳನ್ನು ಒಂದೇ ಸಂಜೆಯಲ್ಲಿ ಒಟ್ಟಿಗೆ ಪೋಣಿಸಿ ತೋರಿಸುವುದು ವೋಗೆಲರ ಕ್ರಮ. ಅಷ್ಟು ದೊಡ್ಡ ಸಂಘವೂ 1963ರಲ್ಲಿ ಹಣದ ಮುಗ್ಗಟ್ಟಿನಿಂದ ನಿಂತುಹೋಯಿತು. ಸದಸ್ಯರಿದ್ದರು, ಅಭಿರುಚಿಗೆ ಕೊರತೆಯಿರಲಿಲ್ಲ, ಸ್ವಂತ ಸೂರು ಮಾತ್ರ ಇರಲಿಲ್ಲ. ಪ್ರತಿ ಪ್ರದರ್ಶನಕ್ಕೂ ಸಭಾಂಗಣದ ಬಾಡಿಗೆ ತೆರಬೇಕಿತ್ತು.

ಸೂರಿದ್ದೂ ಉಳಿಯದವರ ಕಥೆ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನಗರಗಳಲ್ಲಿ ಲಾಭಕ್ಕಾಗಿಯೇ ನಡೆಯುವ ಕಲಾಚಿತ್ರಮಂದಿರಗಳು ಹುಟ್ಟಿಕೊಂಡವು. ದೊಡ್ಡ ಸ್ಟುಡಿಯೊಗಳು ತಮ್ಮ ಚಿತ್ರಮಂದಿರಗಳನ್ನು ಕೈಬಿಡಬೇಕೆಂದು 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪ್ಯಾರಮೌಂಟ್ ಪ್ರಕರಣದಲ್ಲಿ ತೀರ್ಪು ಕೊಟ್ಟದ್ದು ಸ್ವತಂತ್ರ ಪ್ರದರ್ಶಕರಿಗೆ ಅನುಕೂಲವಾಯಿತು. ರೊಸೆಲಿನಿಯವರ 'ದಿ ಮಿರಾಕಲ್' ಚಿತ್ರದ ವಿವಾದದಲ್ಲಿ ಅದೇ ನ್ಯಾಯಾಲಯ 1952ರಲ್ಲಿ ಸಿನಿಮಾಕ್ಕೂ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಉಂಟೆಂದು ಸಾರಿತು. ಆ ಚಿತ್ರ ನ್ಯೂಯಾರ್ಕಿನ ಪ್ಯಾರಿಸ್ ಎಂಬ ಕಲಾಚಿತ್ರಮಂದಿರದಲ್ಲಿ ತೆರೆಕಂಡಿತ್ತು. ಟೆಲಿವಿಷನ್ ಮನೆಮನೆಗೆ ಬಂದು ದೊಡ್ಡ ಥಿಯೇಟರುಗಳು ಬಿಕೋ ಎನ್ನುತ್ತಿದ್ದ ದಶಕದಲ್ಲೇ ಬರ್ಗ್‌ಮನ್, ಕುರೊಸಾವಾ, ಫೆಲಿನಿಯವರ ಚಿತ್ರಗಳಿಂದ ಈ ಸಣ್ಣ ಮಂದಿರಗಳು ತುಂಬಿದವು. ಅಲ್ಲಿಗೆ ಬಂದವರಿಗೆ ಕಾಫಿ ಕೊಟ್ಟು, ಗೋಡೆಗೆ ಚಿತ್ರಕಲೆಯ ಪ್ರದರ್ಶನ ತೂಗುಹಾಕಿ, ಸಂಸ್ಕೃತಿ ಕೇಂದ್ರದ ಕಳೆಯನ್ನೂ ಮಾಲೀಕರು ತಂದುಕೊಂಡಿದ್ದರು. ಅದು ಬಹುಕಾಲ ಬಾಳಲಿಲ್ಲ. 1960ರ ದಶಕದ ಕೊನೆಯ ಹೊತ್ತಿಗೆ ವಿದೇಶಿ ಚಿತ್ರದ ಮುಚ್ಚುಮರೆಯಿಲ್ಲದ ಲೈಂಗಿಕ ದೃಶ್ಯಗಳಿಗೆಂದೇ ಬರುವ ಗಿರಾಕಿ ಹೆಚ್ಚಿದಾಗ ಅನೇಕ ಮಂದಿರಗಳು ನೇರವಾಗಿ ಕಾಮಪ್ರಚೋದಕ ಚಿತ್ರಗಳ ಮಂದಿರಗಳಾದವು. ಹಳೆಯ ಚಿತ್ರಗಳನ್ನು ಸರದಿಯ ಮೇಲೆ ತೋರಿಸುತ್ತಿದ್ದ ಮಿಕ್ಕವುಗಳಲ್ಲಿ ಬಹಳಷ್ಟನ್ನು 1980ರ ದಶಕದ ವಿಡಿಯೊ ಕ್ಯಾಸೆಟ್ ಮುಗಿಸಿತು. ಗೋಡೆ, ಕುರ್ಚಿ, ಪರದೆ ಎಲ್ಲ ಇದ್ದಂತೆಯೇ ಇದ್ದವು, ಮಾಲೀಕರ ಲೆಕ್ಕ ಮಾತ್ರ ಬದಲಾಗಿತ್ತು. ಇದರಲ್ಲಿ ಅವರನ್ನು ದೂರುವುದಕ್ಕೂ ಏನಿಲ್ಲ. ಲಾಭಕ್ಕೆ ಕಟ್ಟಿದ ಮನೆ ಲಾಭವಿರುವ ಕಡೆಗೇ ಬಾಗಿಲು ತೆರೆಯುತ್ತದೆ.

ಆ ಬಿರುಗಾಳಿಯಲ್ಲಿ ಉಳಿದವುಗಳನ್ನು ಹತ್ತಿರದಿಂದ ನೋಡಬೇಕು. ನ್ಯೂಯಾರ್ಕಿನ ಫಿಲ್ಮ್ ಫೋರಂ 1970ರಲ್ಲಿ ಶುರುವಾದಾಗ ಅದರ ಆಸ್ತಿಯೆಂದರೆ 50 ಮಡಚುವ ಕುರ್ಚಿಗಳು, ಒಂದು ಪ್ರೊಜೆಕ್ಟರ್, ವರ್ಷಕ್ಕೆ 19,000 ಡಾಲರಿನ ಆಯವ್ಯಯ. 1972ರಲ್ಲಿ ಅದರ ಹೊಣೆ ಹೊತ್ತ ಕ್ಯಾರೆನ್ ಕೂಪರ್ ಅರ್ಧ ಶತಮಾನ ಅದನ್ನು ನಡೆಸಿದರು. 1980ರ ದಶಕದ ಕೊನೆಯಲ್ಲಿ ಅದು ನಡೆಯುತ್ತಿದ್ದ ಕಟ್ಟಡವೇ ಕೆಡವಲ್ಪಟ್ಟಿತು. ಖಾಸಗಿ ಥಿಯೇಟರಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಫಿಲ್ಮ್ ಫೋರಂ ದಾನಿಗಳ, ಸದಸ್ಯರ ಬಲದಿಂದ 1990ರಲ್ಲಿ ಹೌಸ್ಟನ್ ಬೀದಿಯಲ್ಲಿ ಮತ್ತೆ ಬಾಗಿಲು ತೆರೆಯಿತು. ಇಂದು ಅಲ್ಲಿ ನಾಲ್ಕು ಪರದೆಗಳಿವೆ. ಮಿಷಿಗನ್ ರಾಜ್ಯದ ಆ್ಯನ್ ಆರ್ಬರಿನಲ್ಲಿ 1928ರಲ್ಲಿ ಕಟ್ಟಿದ ಮಿಷಿಗನ್ ಥಿಯೇಟರಿಗೆ 1979ರಲ್ಲಿ ಇಂಥದೇ ಕುತ್ತು ಬಂದಾಗ ಊರಿನವರು ಪ್ರತಿಷ್ಠಾನ ಕಟ್ಟಿಕೊಂಡು ಅದನ್ನು ಉಳಿಸಿದರು. ಮೂಕಿ ಚಿತ್ರಗಳ ಕಾಲದ ದೊಡ್ಡ ಆರ್ಗನ್ ವಾದ್ಯವನ್ನು ಅಲ್ಲಿ ಈಗಲೂ ನುಡಿಸುತ್ತಾರೆ.

ಇವೆಲ್ಲಕ್ಕಿಂತ ತಿಳಿಯಾಗಿ ವಿಷಯವನ್ನು ತೋರಿಸುವ ಉದಾಹರಣೆ ಬೋಸ್ಟನ್ನಿಗೆ ಅಂಟಿಕೊಂಡಿರುವ ಬ್ರುಕ್‌ಲೈನ್ ಪಟ್ಟಣದ ಕೂಲಿಜ್ ಕಾರ್ನರ್ ಥಿಯೇಟರ್. 1906ರಲ್ಲಿ ಚರ್ಚಾಗಿ ಕಟ್ಟಿದ ಈ ಕಟ್ಟಡ 1933ರಲ್ಲಿ ಸಿನಿಮಾ ಮಂದಿರವಾಯಿತು. 1980ರ ದಶಕದ ಕೊನೆಯಲ್ಲಿ ಅದು ಮಾರಾಟವಾಗಿ ನೆಲಸಮವಾಗುವ ಸ್ಥಿತಿ ಬಂದಾಗ ಊರಿನ ನೂರಾರು ಜನ ಕೈಕೈ ಹಿಡಿದು ಕಟ್ಟಡದ ಸುತ್ತ ಸರಪಳಿಯಾಗಿ ನಿಂತರು. ಮನವಿ, ಸಭೆ, ಹಣಸಂಗ್ರಹ ಎಲ್ಲ ನಡೆದು 1989ರಲ್ಲಿ ಲಾಭರಹಿತ ಪ್ರತಿಷ್ಠಾನವೊಂದು ಮಂದಿರದ ಆಡಳಿತ ವಹಿಸಿಕೊಂಡಿತು. ಅಂದಿನಿಂದ ಅಲ್ಲಿ ನಡೆದದ್ದನ್ನು ನೋಡಿದರೆ 'ಸಾಂಸ್ಕೃತಿಕ ಕೇಂದ್ರ' ಎಂಬ ಮಾತಿಗೆ ಅರ್ಥ ಬರುತ್ತದೆ. 2005ರಲ್ಲಿ ಆರಂಭವಾದ 'ಸೈನ್ಸ್ ಆನ್ ಸ್ಕ್ರೀನ್' ಕಾರ್ಯಕ್ರಮದಲ್ಲಿ ಒಂದು ಚಿತ್ರಕ್ಕೆ ಮೊದಲು ವಿಜ್ಞಾನಿಯೊಬ್ಬರು ಬಂದು ಆ ಚಿತ್ರದ ಎಳೆಯೊಂದನ್ನು ಹಿಡಿದು ತಮ್ಮ ಶಾಸ್ತ್ರದ ಬಗ್ಗೆ ಮಾತಾಡುತ್ತಾರೆ. ಸ್ಲೋನ್ ಪ್ರತಿಷ್ಠಾನದ ನೆರವಿನಿಂದ 2011ರ ನಂತರ ಇದು ದೇಶದ ಬೇರೆ ಬೇರೆ ಲಾಭರಹಿತ ಮಂದಿರಗಳಿಗೂ ಹಬ್ಬಿತು. ಹಸುಗೂಸುಗಳನ್ನು ಮನೆಯಲ್ಲಿ ಬಿಟ್ಟು ಬರಲಾಗದ ತಂದೆತಾಯಂದಿರಿಗೆಂದು ಬೇರೆಯೇ ಪ್ರದರ್ಶನಗಳಿವೆ. ಮಗು ಅತ್ತರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. 2004ರಲ್ಲಿ ಸ್ಥಾಪಿಸಿದ ಕೂಲಿಜ್ ಪ್ರಶಸ್ತಿಯ ಮೊದಲ ಪುರಸ್ಕೃತರು ಚೀನಾದ ನಿರ್ದೇಶಕ ಝಾಂಗ್ ಯಿಮೌ. 2024ರಲ್ಲಿ ಮಂದಿರ ಎರಡು ಹೊಸ ಪರದೆಗಳನ್ನೂ ಸಮುದಾಯ ಶಿಕ್ಷಣಕ್ಕೆಂದು ಒಂದು ವಿಭಾಗವನ್ನೂ ಕಟ್ಟಿಕೊಂಡಿತು. ಥಿಯೇಟರುಗಳು ಒಂದೊಂದಾಗಿ ಮುಚ್ಚುತ್ತಿರುವ ಕಾಲದಲ್ಲಿ ಒಂದು ಥಿಯೇಟರ್ ತನ್ನ ಗೋಡೆಗಳನ್ನು ಹಿಗ್ಗಿಸಿಕೊಂಡಿತೆಂಬುದು ಸಣ್ಣ ಮಾತಲ್ಲ. ಈ ಎಲ್ಲ ಕೆಲಸಗಳ ಹಿಂದೆ ಇರುವುದು 1989ರ ಆ ಒಂದು ಬದಲಾವಣೆ. ತಾವೇ ಉಳಿಸಿದ ಮಂದಿರದ ಬಗ್ಗೆ ಊರಿನವರಿಗೆ ಮಾತಾಡುವ ಹಕ್ಕು ಬಂತು, ಕೇಳುವ ಬಾಧ್ಯತೆ ಮಂದಿರಕ್ಕೆ ಬಂತು.

ಒಡೆತನ ಹೀಗೆ ಕೆಲಸ ಮಾಡುವ ಬಗೆಯನ್ನು ಅರಿಯಲು ಹಣದ ದಾರಿ ಹಿಡಿಯಬೇಕು. ಯಾವ ಚಿತ್ರಮಂದಿರದಲ್ಲೂ ಟಿಕೆಟ್ ಹಣವೆಲ್ಲ ಮಂದಿರಕ್ಕೆ ಉಳಿಯುವುದಿಲ್ಲ, ವಿತರಕರ ಪಾಲು ದೊಡ್ಡದು. ಉಳಿದದ್ದರಲ್ಲಿ ಸಂಬಳ, ವಿದ್ಯುತ್ತು, ದುರಸ್ತಿ, ತೆರಿಗೆ ಎಲ್ಲ ತೂಗಬೇಕು. ಅದಕ್ಕಾಗಿಯೇ ವ್ಯಾಪಾರಿ ಮಂದಿರ ಮೊದಲ ವಾರದ ಗಳಿಕೆಯನ್ನೇ ನಂಬುತ್ತದೆ, ಜನ ಬಾರದ ಚಿತ್ರವನ್ನು ಶುಕ್ರವಾರಕ್ಕೆ ಎತ್ತಿಬಿಡುತ್ತದೆ. ಲಾಭರಹಿತ ಮಂದಿರದಲ್ಲಿ ಟಿಕೆಟ್ ಹಣದ ಜೊತೆಗೆ ವಾರ್ಷಿಕ ಸದಸ್ಯತ್ವ, ದೇಣಿಗೆ, ದತ್ತಿನಿಧಿ, ಸರ್ಕಾರದ ಅನುದಾನ ಇಷ್ಟೂ ಸೇರುತ್ತವೆ. ಅಮೆರಿಕದಲ್ಲಿ ಇಂಥ ಸಂಸ್ಥೆಗೆ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿಯೂ ಉಂಟು. ಟಿಕೆಟ್ಟಿನಾಚೆಯ ಈ ಹಣದಿಂದ ಮಂದಿರಕ್ಕೆ ಸಿಗುವುದು ಕಾಯುವ ಶಕ್ತಿ. ನಲವತ್ತು ಜನ ಬಂದ ಸಾಕ್ಷ್ಯಚಿತ್ರವನ್ನು ಎರಡನೆಯ ವಾರಕ್ಕೂ ಇಟ್ಟುಕೊಳ್ಳಬಹುದು. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಮೂರನೆಯ ವಾರದಲ್ಲಿ ಜನ ಸೇರುವವರೆಗೂ ತಾಳಿಕೊಳ್ಳಬಹುದು. ವರ್ಷಕ್ಕೊಮ್ಮೆ ವಂತಿಗೆ ಕೊಟ್ಟ ಸದಸ್ಯ ತಾನು ನೋಡದ ಚಿತ್ರಗಳಿಗೂ ಆಸರೆಯಾಗಿರುತ್ತಾನೆ.

ಈ ಬಾಂಧವ್ಯದ ಬಲ ಎರಡು ಸಲ ಒರೆಗೆ ಹತ್ತಿತು. ಮೊದಲನೆಯದು ಡಿಜಿಟಲ್ ಪಲ್ಲಟ. 35 ಮಿ.ಮೀ. ರೀಲಿನ ಜಾಗಕ್ಕೆ ಡಿಜಿಟಲ್ ಕಡತಗಳು ಬಂದು, 2014ರ ಆರಂಭದ ಹೊತ್ತಿಗೆ ಪ್ಯಾರಮೌಂಟ್ ಅಮೆರಿಕದಲ್ಲಿ ರೀಲಿನ ಪ್ರತಿಗಳನ್ನು ಕಳಿಸುವುದನ್ನೇ ನಿಲ್ಲಿಸಿತು. ಹೊಸ ಪ್ರೊಜೆಕ್ಟರಿಗೆ ಒಂದೊಂದು ಪರದೆಗೂ ಹತ್ತಾರು ಸಾವಿರ ಡಾಲರ್ ಬೇಕಿತ್ತು. ದೊಡ್ಡ ಸರಣಿಗಳು ಸ್ಟುಡಿಯೊಗಳೊಡನೆ ಒಪ್ಪಂದ ಮಾಡಿಕೊಂಡು ದಾಟಿಕೊಂಡವು. ಒಂದೇ ಪರದೆಯ ಖಾಸಗಿ ಥಿಯೇಟರುಗಳಲ್ಲಿ ಅನೇಕವು ದಾಟಲಾರದೆ ಮುಚ್ಚಿದವು. ಲಾಭರಹಿತ ಮಂದಿರಗಳು ಊರಿನ ಮುಂದೆ ಜೋಳಿಗೆ ಹಿಡಿದವು, ಊರು ತುಂಬಿಸಿತು. ಎರಡನೆಯದು 2020ರ ಕೋವಿಡ್. ಬಾಗಿಲು ಮುಚ್ಚಿದ ಕೆಲವೇ ದಿನಗಳಲ್ಲಿ ಕಿನೊ ಲಾರ್ಬರ್ ಎಂಬ ವಿತರಣಾ ಸಂಸ್ಥೆ ಬ್ರೆಜಿಲ್ಲಿನ 'ಬಾಕುರಾವು' ಚಿತ್ರವನ್ನು ಮನೆಯಲ್ಲೇ ನೋಡುವ ವ್ಯವಸ್ಥೆ ಮಾಡಿ, ಬಂದ ಹಣವನ್ನು ಪ್ರೇಕ್ಷಕರ ಊರಿನ ಮಂದಿರದೊಡನೆ ಹಂಚಿಕೊಂಡಿತು. ಪ್ರದರ್ಶನ ಕಲೆಗಳ ಮಂದಿರಗಳಿಗೆಂದು ಅಮೆರಿಕದ ಸಂಸತ್ತು 1,600 ಕೋಟಿ ಡಾಲರಿಗೂ ಮೀರಿದ ನೆರವು ತೆಗೆದಿಟ್ಟಿತು, ಅದರಲ್ಲಿ ಸಿನಿಮಾ ಮಂದಿರಗಳಿಗೂ ಪಾಲಿತ್ತು. ಪರದೆ ಕತ್ತಲಾಗಿದ್ದಾಗಲೂ ಸದಸ್ಯತ್ವ ನವೀಕರಿಸಿದವರಿದ್ದರು. ಅವರು ಕೊಟ್ಟದ್ದು ಚಿತ್ರದ ಬೆಲೆಯಲ್ಲ, ಆ ತಿಂಗಳು ಅಲ್ಲಿ ಚಿತ್ರವೇ ಇರಲಿಲ್ಲ.

ಹೊಣೆಯನ್ನು ಊರಿನ ದಾನಿಗಳೇ ಹೊರಬೇಕೆಂದೇನೂ ಇಲ್ಲ. ಫ್ರಾನ್ಸಿನಲ್ಲಿ ಪ್ರತಿ ಸಿನಿಮಾ ಟಿಕೆಟ್ಟಿನ ಮೇಲೂ ಶೇ. 10.72ರಷ್ಟು ತೆರಿಗೆಯಿದೆ. ಹಾಲಿವುಡ್ಡಿನ ಅಬ್ಬರದ ಚಿತ್ರಕ್ಕೆ ಬಂದವರೂ ಅದನ್ನು ತೆರುತ್ತಾರೆ. ಆ ಹಣ ರಾಷ್ಟ್ರೀಯ ಸಿನಿಮಾ ಕೇಂದ್ರಕ್ಕೆ ಹೋಗಿ, ಅದರಲ್ಲೊಂದು ಭಾಗ 'ಆರ್ ಎ ಎಸ್ಸೆ' (ಕಲೆ ಮತ್ತು ಪ್ರಯೋಗ) ಎಂದು ವರ್ಗೀಕರಿಸಿದ ಮಂದಿರಗಳಿಗೆ ಮರಳುತ್ತದೆ. ಇಂಥ ಮಂದಿರಗಳ ಒಕ್ಕೂಟ 1955ರಲ್ಲೇ ಹುಟ್ಟಿತ್ತು. ಇಂದು ಸಾವಿರಕ್ಕೂ ಹೆಚ್ಚು ಮಂದಿರಗಳು ಈ ವರ್ಗದಲ್ಲಿವೆ, ಅವುಗಳಲ್ಲಿ ಅನೇಕವು ಸಣ್ಣ ಪಟ್ಟಣಗಳ ಪುರಸಭೆಗಳವು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1971ರಲ್ಲಿ ನಗರಸಭೆಯೇ ಸಿನಿಮಾ ಮಂದಿರ ತೆರೆದಾಗ ಖಾಸಗಿ ಮಾಲೀಕರು ನ್ಯಾಯಾಲಯಕ್ಕೆ ಹೋದರು. ಸರ್ಕಾರಿ ಹಣ ಪಡೆದವರೊಡನೆ ಸ್ಪರ್ಧಿಸುವುದು ಹೇಗೆ ಎಂಬುದು ಅವರ ತಕರಾರು. ತೀರ್ಪು ನಗರಸಭೆಯ ಪರವಾಗಿ ಬಂತು. ಆ ತಕರಾರು ಇವತ್ತಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಗ್ರಂಥಾಲಯದಿಂದ ಪುಸ್ತಕದ ಅಂಗಡಿ ಮುಚ್ಚುವುದಿಲ್ಲ, ಓದುವವರು ಹೆಚ್ಚುತ್ತಾರೆ ಎಂಬ ಉತ್ತರ ಇದಕ್ಕೂ ಸಲ್ಲುತ್ತದೆ. ಅದಲ್ಲದೆ ಈ ಮಂದಿರಗಳು ತೋರಿಸುವ ಚಿತ್ರಗಳಲ್ಲಿ ಹೆಚ್ಚಿನವನ್ನು ಖಾಸಗಿಯವರು ತೋರಿಸಲು ಮುಂದೆ ಬಂದವರೇ ಅಲ್ಲ.

ಭಾರತದಲ್ಲಿ ಇದಕ್ಕೆ ಸಂವಾದಿಯಾದದ್ದು ಫಿಲ್ಮ್ ಸೊಸೈಟಿ ಚಳವಳಿ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮತ್ತಿತರರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. 1959ರಲ್ಲಿ ರಾಯ್ ಅವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಒಕ್ಕೂಟ ಹುಟ್ಟಿತು, ಇಂದಿರಾ ಗಾಂಧಿಯವರೂ ಅದರ ಉಪಾಧ್ಯಕ್ಷರಾಗಿದ್ದರು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಆರಂಭವಾದ ಮೇಲೆ, ಅಲ್ಲಿನ ಪಿ. ಕೆ. ನಾಯರ್ ಅವರ ಆಸ್ಥೆಯಿಂದ, ಚಿತ್ರದ ಡಬ್ಬಿಗಳು ರೈಲಿನಲ್ಲಿ ಊರೂರಿಗೆ ಹೋಗತೊಡಗಿದವು. ಕೇರಳದಲ್ಲಿ ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರ ಚಿತ್ರಲೇಖಾ (1965) ನೋಡುವುದರಿಂದ ತಯಾರಿಸುವುದಕ್ಕೂ ಸಾಗಿ 'ಸ್ವಯಂವರಂ' (1972) ಚಿತ್ರ ಕೊಟ್ಟಿತು. ಜಾನ್ ಅಬ್ರಹಾಂ ಅವರ ಒಡೆಸ್ಸಾ ತಂಡ ಹಳ್ಳಿಗಳಲ್ಲಿ ಚಿತ್ರ ತೋರಿಸಿ ಜನರಿಂದ ಕೂಡಿಸಿದ ಹಣದಲ್ಲೇ 'ಅಮ್ಮ ಅರಿಯಾನ್' (1986) ತಯಾರಿಸಿತು. ಹಾಗಿದ್ದೂ ದೇಶದ ನೂರಾರು ಸೊಸೈಟಿಗಳಲ್ಲಿ ಬಹುಪಾಲು ದೂರದರ್ಶನ, ವಿಡಿಯೊಗಳ ಕಾಲದಲ್ಲಿ ಸೊರಗಿದವು. ಜನರ ಅಭಿರುಚಿ ಕೆಟ್ಟಿತೆಂಬುದು ಸಾಮಾನ್ಯ ವಿವರಣೆ. ನ್ಯೂಯಾರ್ಕಿನ ಸಿನಿಮಾ 16ರ ಕಥೆ ಬಲ್ಲವರಿಗೆ ಬೇರೆ ಕಾರಣ ಹೊಳೆಯುತ್ತದೆ. ಇವರೂ ಬಾಡಿಗೆ ಸಭಾಂಗಣದಲ್ಲಿ, ಎರವಲು ಪ್ರೊಜೆಕ್ಟರಿನಲ್ಲಿ, ರಾಯಭಾರ ಕಚೇರಿಗಳು ದಯಪಾಲಿಸಿದ ಪ್ರತಿಗಳಲ್ಲಿ ಚಿತ್ರ ತೋರಿಸುತ್ತಿದ್ದರು. ಸೆನ್ಸಾರ್ ವಿನಾಯಿತಿ ಸದಸ್ಯರಿಗಷ್ಟೇ ಇದ್ದುದರಿಂದ ಬೀದಿಯಲ್ಲಿ ಹೋಗುವವರು ಒಳಗೆ ಬರುವಂತೆಯೂ ಇರಲಿಲ್ಲ. ಊರಿನ ಕಣ್ಣಿಗೆ ಬೀಳುವಂಥ ಬಾಗಿಲೊಂದು ಇವರಿಗೆ ಇರಲೇ ಇಲ್ಲ.

ಬಾಗಿಲಿದ್ದ ಕಡೆ ಏನಾಯಿತೆಂಬುದಕ್ಕೆ ಕರ್ನಾಟಕದಲ್ಲೇ ಎರಡು ಸಾಕ್ಷಿಗಳಿವೆ. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಲ್ಲಿ ಹುಟ್ಟಿತು. 'ಸಂಸ್ಕಾರ' (1970), 'ವಂಶವೃಕ್ಷ' (1972), 'ಕಾಡು' (1973) ಚಿತ್ರಗಳ ಹೊಸ ಅಲೆ ಏಳುತ್ತಿದ್ದ ಕಾಲ ಅದು. ಬನಶಂಕರಿಯಲ್ಲಿ ಸ್ವಂತ ಸಭಾಂಗಣ ಕಟ್ಟಿಕೊಂಡದ್ದರಿಂದ ಚಿತ್ರಪ್ರದರ್ಶನದ ಜೊತೆಗೆ ನಾಟಕ, ಸಂಗೀತ, ಪುಸ್ತಕ ಬಿಡುಗಡೆ, ವಿಚಾರ ಸಂಕಿರಣಗಳಿಗೂ ಅದು ತಾಣವಾಯಿತು. ಜೊತೆಯ ಸೊಸೈಟಿಗಳೆಷ್ಟೋ ಕಣ್ಮರೆಯಾದ ಮೇಲೂ ಅದು ಅರ್ಧ ಶತಮಾನ ದಾಟಿದೆ. ಎರಡನೆಯ ಸಾಕ್ಷಿ ಇನ್ನೂ ಬಲವಾದದ್ದು. ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಹಳ್ಳಿ. 1949ರಲ್ಲಿ ಅಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಮೊದಲು ಹವ್ಯಾಸಿ ನಾಟಕ ತಂಡ. ಕೆ. ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು, ಮರುವರ್ಷವೇ ನೀನಾಸಂ ಚಿತ್ರಸಮಾಜ ಆರಂಭವಾಯಿತು. ಈ ಅನುಕ್ರಮವನ್ನು ಗಮನಿಸಬೇಕು: ಮೊದಲು ಸೂರು, ಆಮೇಲೆ ಪರದೆ. ರಾಯ್, ಕುರೊಸಾವಾರಂಥವರ ಚಿತ್ರಗಳನ್ನು ಕೃಷಿಕರು, ಮಾಸ್ತರರು, ಕೂಲಿಯವರು, ಶಾಲೆಯ ಮಕ್ಕಳು ಒಂದೇ ಚಾವಣಿಯಡಿ ಕೂತು ನೋಡಿದರು. ಪುಣೆಯ ಸಿನಿಮಾ ಅಧ್ಯಾಪಕ ಸತೀಶ್ ಬಹಾದೂರ್ ಬಂದು ರಸಗ್ರಹಣ ಶಿಬಿರ ನಡೆಸಿದರು. ಸುಬ್ಬಣ್ಣನವರದೇ ಅಕ್ಷರ ಪ್ರಕಾಶನ ಸಿನಿಮಾ ಕುರಿತೂ ಕನ್ನಡದಲ್ಲಿ ಪುಸ್ತಕ ತಂದಿತು. ಮುಂದೆ ಅದೇ ಆವರಣದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ನಾಟಕ ತಂಡ ತಿರುಗಾಟ, ಅಲ್ಲಿಂದ ವರ್ಷವರ್ಷದ ಸಂಸ್ಕೃತಿ ಶಿಬಿರ ಹೀಗೆ ಒಂದರಿಂದೊಂದು ಕವಲೊಡೆದವು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಗುರುತಿಸಿದ್ದು ಈ ಕವಲುಗಳನ್ನೆಲ್ಲ. ನೀನಾಸಂ ಸಿನಿಮಾ ಮಂದಿರವಾಗಿ ಹುಟ್ಟಲಿಲ್ಲ, ದಿನವಹಿ ಚಿತ್ರ ತೋರಿಸುವ ಮಂದಿರವೂ ಅದಲ್ಲ. ಆದರೆ ಕಲಾಚಿತ್ರಮಂದಿರದಿಂದ ಒಂದು ಸಮುದಾಯ ಏನು ಪಡೆಯಬಹುದೋ ಅದನ್ನು ಅದು ಪಡೆದುಕೊಟ್ಟಿತು.

ಕಲಾಚಿತ್ರಮಂದಿರಗಳ ಮೇಲಿನ ಹಳೆಯ ಆಕ್ಷೇಪಕ್ಕೆ ಉತ್ತರ ಹುಡುಕಲು ಹೆಗ್ಗೋಡಿಗಿಂತ ಬೇರೆ ಕಡೆ ಹೋಗಬೇಕಿಲ್ಲ. ಇವು ಓದಿದವರ, ಉಳ್ಳವರ ತಾಣಗಳು, ಸಾಮಾನ್ಯರಿಗೆ ಬೇಡದ ಚಿತ್ರಗಳನ್ನು ಸಾರ್ವಜನಿಕ ಹಣದಲ್ಲಿ ಕೆಲವರಿಗಾಗಿ ತೋರಿಸುತ್ತಾರೆ ಎಂಬುದು ಆ ಆಕ್ಷೇಪ. ಇದರಲ್ಲಿ ಅರ್ಧ ನಿಜವಿದೆ. ಅಮೆರಿಕದಲ್ಲಿ ಯಶಸ್ವಿಯಾದ ಮಂದಿರಗಳಲ್ಲಿ ಅನೇಕವು ಶ್ರೀಮಂತ ಉಪನಗರಗಳಲ್ಲೇ ಇವೆ. ದೇಣಿಗೆಯ ಮೇಲೆ ನಿಂತ ವ್ಯವಸ್ಥೆ ದೇಣಿಗೆ ಕೊಡಬಲ್ಲವರ ಊರಿನಲ್ಲಿ ಸುಲಭವಾಗಿ ಬೇರುಬಿಡುತ್ತದೆ, ಬಡ ಊರಿನಲ್ಲಿ ಒಣಗುತ್ತದೆ. ದೊಡ್ಡ ದಾನಿಗೆ ಮುಜುಗರವಾಗುವ ಚಿತ್ರವನ್ನು ಸದ್ದಿಲ್ಲದೆ ಕೈಬಿಡುವ ಅಪಾಯವೂ ಇದ್ದೇ ಇದೆ. ಫ್ರಾನ್ಸಿನ ತೆರಿಗೆಯ ಮಾದರಿ ಈ ದೃಷ್ಟಿಯಿಂದ ಹೆಚ್ಚು ನ್ಯಾಯವಾದದ್ದು ಎಂದು ಒಪ್ಪಬೇಕು. ಆಕ್ಷೇಪದ ಇನ್ನರ್ಧ, ಅಂದರೆ ಸಾಮಾನ್ಯರಿಗೆ ಇಂಥ ಚಿತ್ರ ಬೇಡ ಎಂಬ ಮಾತು, ಹೆಗ್ಗೋಡಿನಲ್ಲಿ ನಿಲ್ಲುವುದಿಲ್ಲ. ಅಕ್ಷರ ಬಾರದವರೂ ಅಲ್ಲಿ ಜಪಾನಿನ ಚಿತ್ರ ನೋಡಿದರು. ತಾಳಮದ್ದಳೆಯಲ್ಲಿ ಒಂದೇ ಪ್ರಸಂಗದ ಎರಡು ಪಕ್ಷಗಳ ವಾದವನ್ನು ರಾತ್ರಿಯಿಡೀ ಕೇಳಿ ತೂಗಬಲ್ಲ ಮಲೆನಾಡಿನವರಿಗೆ ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಲ್ಲಿ ಹೇಳುವ 'ರಾಶೊಮಾನ್' ಏಕೆ ಅರ್ಥವಾಗಬಾರದು? ಚಿತ್ರ ಅವರವರೆಗೆ ಬಂದಿರಲಿಲ್ಲ, ಅಷ್ಟೆ. ಬೇಡಿಕೆಯಿಲ್ಲವೆಂದು ಪೂರೈಕೆ ನಿಲ್ಲಿಸಿ, ಪೂರೈಕೆಯಿಲ್ಲದ್ದರಿಂದ ಹುಟ್ಟದ ಬೇಡಿಕೆಯನ್ನೇ ಸಾಕ್ಷಿಗೆ ತರುವ ವಾದ ಇದು.

ಇಂದಿನ ದೊಡ್ಡ ಆಕ್ಷೇಪ ಬೇರೆ. ಜಗತ್ತಿನ ಚಿತ್ರಗಳೆಲ್ಲ ಕೈಯಲ್ಲಿನ ಫೋನಿಗೇ ಬರುವಾಗ ಮಂದಿರ ಯಾಕೆ ಬೇಕು ಎನ್ನುತ್ತಾರೆ. ಒಂಟಿಯಾಗಿ ಊರಿನಾಚೆ ಬದುಕುವವರಿಗೆ, ಹೊರಗೆ ಹೋಗಲಾಗದ ಹಿರಿಯರಿಗೆ ಮನೆಯ ಪರದೆ ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಟೆಲಿವಿಷನ್ ಬಂದ 1950ರ ದಶಕದಲ್ಲೇ ಕಲಾಚಿತ್ರಮಂದಿರಗಳು ಬೆಳೆದವೆಂಬುದನ್ನು ಮೇಲೆ ನೋಡಿದೆವು. ಮನೆಯಲ್ಲಿ ಸಿಗುವುದರಿಂದ ಹೊರಗೆ ಹೋಗುವ ಆಸೆ ಸಾಯುವುದಿಲ್ಲ, ಹೊರಗೆ ಹೋಗಲು ಹೆಚ್ಚು ಬಲವಾದ ಕಾರಣ ಬೇಕಾಗುತ್ತದೆ. ಮಲ್ಟಿಪ್ಲೆಕ್ಸು ಆ ಕಾರಣವನ್ನು ದೊಡ್ಡ ಶಬ್ದದಲ್ಲಿ, ಒರಗುವ ಕುರ್ಚಿಯಲ್ಲಿ ಹುಡುಕುತ್ತದೆ. ಕಲಾಚಿತ್ರಮಂದಿರ ಅದನ್ನು ಜೊತೆಗೆ ಕೂತವರಲ್ಲಿ ಕಂಡುಕೊಂಡಿದೆ. ಚಿತ್ರ ಮುಗಿದು ದೀಪ ಹತ್ತಿದ ಮೇಲಿನ ಅರ್ಧ ಗಂಟೆಯ ಮಾತು, ಒಪ್ಪದವರ ಪ್ರಶ್ನೆ, ಹೊರಬಾಗಿಲಲ್ಲಿ ಪರಿಚಯವಾದವರೊಡನೆ ಮುಂದುವರಿದ ಜಗಳ, ಇವು ಫೋನಿನಲ್ಲಿ ಸಿಗುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಸ್ಟ್ರೀಮಿಂಗ್ ವೇದಿಕೆಯಲ್ಲಿ ಇಂದಿದ್ದ ಚಿತ್ರ ನಾಳೆ ಇಲ್ಲವಾದರೆ ನೋಡುವವರು ಕೇಳಬಹುದಾದ ಬಾಗಿಲೊಂದೂ ಇಲ್ಲ. ಊರಿನ ಮಂದಿರದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಈ ವರ್ಷ ಕನ್ನಡದ ಒಂದು ಹಳೆಯ ಚಿತ್ರವನ್ನೂ ಯಾಕೆ ತೋರಿಸಲಿಲ್ಲ ಎಂದು ಕೇಳಬಹುದು.

ಕರ್ನಾಟಕದಲ್ಲಿ ಬೆಂಗಳೂರಿನ ಕಪಾಲಿಯಂಥ ಹೆಸರಾಂತ ಮಂದಿರವೇ ನೆಲಸಮವಾಗಿದೆ. ತಾಲ್ಲೂಕು ಕೇಂದ್ರಗಳ ಹಳೆಯ ಟಾಕೀಸುಗಳು ಕಲ್ಯಾಣಮಂಟಪಗಳಾಗಿ, ಗೋದಾಮುಗಳಾಗಿ, ಅಂಗಡಿ ಸಾಲುಗಳಾಗಿ ಮಾರ್ಪಡುತ್ತಿವೆ. ಪ್ರಶಸ್ತಿ ಪಡೆದ ಕನ್ನಡ ಚಿತ್ರಗಳಿಗೆ ಸ್ವಂತ ನಾಡಿನಲ್ಲೇ ಒಂದು ವಾರ ಪರದೆ ಸಿಗುವುದು ಕಷ್ಟವಾಗಿದೆ. ಈ ಎರಡು ಕೊರತೆಗಳೂ ಒಂದಕ್ಕೊಂದು ಮದ್ದಾಗಬಲ್ಲವು, ಮುಚ್ಚುವ ಟಾಕೀಸು ಊರಿನ ಕೈಗೆ ಬರುವುದಾದರೆ. ಪುರಸಭೆಯೋ ಟ್ರಸ್ಟೋ ಸಂಘವೋ ಅದನ್ನು ವಹಿಸಿಕೊಳ್ಳಲು ಪರವಾನಗಿಯ ತೊಡಕು, ಅಗ್ನಿಸುರಕ್ಷೆಯ ಖರ್ಚು, ಜಾಗದ ಬೆಲೆ ಎಲ್ಲ ಎದುರಾಗುತ್ತವೆ. ಬ್ರುಕ್‌ಲೈನಿನವರಿಗೂ ಕಟ್ಟಡದ ಬೆಲೆ ಎದುರಾಗಿತ್ತು, ಹೆಗ್ಗೋಡಿನವರಿಗೂ ಹಣದ ಗಂಟು ಕಾದು ಕುಳಿತಿರಲಿಲ್ಲ. ತಮ್ಮ ಊರಿನ ಟಾಕೀಸಿನ ಬಾಗಿಲಿಗೆ ಬೀಗ ಬೀಳುವ ಸುದ್ದಿ ಕೇಳಿದ ಓದುಗರು, ಕಟ್ಟಡ ಕೈಬದಲಾಗುವ ಮೊದಲೇ ಒಮ್ಮೆ ಸಭೆ ಸೇರಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಒಂದು ಸಂಘ ಕಟ್ಟಲು ಏಳು ಜನ ಸಾಕು.